ಮೇಲ್ ಐಡಿ ನಿಮ್ಮದು, ಕೀಲಿಕೈ ಯಾರ ಹತ್ತಿರ ಇದೆ?

ಹೋದ ವರ್ಷ ಮಳೆಗಾಲದಲ್ಲಿ ನನಗೊಂದು ಫೋನ್ ಬಂತು. ನಾನು ಆರು ವರ್ಷ ಸುದ್ದಿ ಕಳಿಸಿದ್ದ ಒಂದು ಪತ್ರಿಕೆಯ ಲೆಕ್ಕದ ವಿಭಾಗದವರು ಮಾತಾಡಿದರು. ಅವರಿಂದ ನನಗೆ ಹನ್ನೊಂದು ತಿಂಗಳ ದುಡ್ಡು ಬರಬೇಕಿತ್ತು. ಸ್ಟ್ರಿಂಗರ್ ಎಂದರೆ ಸಂಬಳದ ನೌಕರ ಅಲ್ಲ. ಅಚ್ಚಾದ ಸುದ್ದಿಗೆ ಇಷ್ಟು, ಫೋಟೊಗೆ ಇಷ್ಟು ಅಂತ ಲೆಕ್ಕ. ಕೇಳಿ ಕೇಳಿ ಸಾಕಾಗಿದ್ದ ಹೊತ್ತಿಗೆ ಅವರೇ ಫೋನ್ ಮಾಡಿ, "ನೀವು ಕಳಿಸಿದ ಮೇಲ್ ಎಲ್ಲಾ ತಾರೀಖು ಪ್ರಕಾರ ನಮಗ ಫಾರ್ವರ್ಡ್ ಮಾಡ್ರಿ, ನೋಡಿ ಬಿಲ್ ಹಾಕ್ತೀವಿ" ಅಂದರು.

ಖುಷಿಯಾಯಿತು. ಆ ಸುದ್ದಿಗಳೆಲ್ಲ ನನ್ನ ಹಳೇ ಮೇಲ್ ಐಡಿಯಲ್ಲಿದ್ದವು. ಆದರೆ ಆ ಐಡಿ ಇದ್ದ ಫೋನ್ ಮಳೆಯಲ್ಲಿ ನೆನೆದು ಸತ್ತುಹೋಗಿತ್ತು. ಹೊಸ ಫೋನಿನಲ್ಲಿ ತೆರೆಯಲು ಹೋದೆ, ಪಾಸ್‌ವರ್ಡ್ ನೆನಪಿಗೆ ಬರಲಿಲ್ಲ. "ಮರೆತಿದ್ದೇನೆ" ಅಂತ ಒತ್ತಿದೆ. ಒಂದು ನಂಬರಿಗೆ ಕೋಡ್ ಕಳಿಸುತ್ತೇವೆ ಅಂತ ತೋರಿಸಿತು. ಆ ನಂಬರಿನ ಕೊನೆಯ ಎರಡು ಅಂಕಿ ನನ್ನ ನಂಬರಿನದಾಗಿರಲಿಲ್ಲ.

ಆಮೇಲೆ ನೆನಪಾಯಿತು. ಪತ್ರಿಕೋದ್ಯಮ ಡಿಪ್ಲೊಮಾ ಮುಗಿಸಿ ಊರಿಗೆ ಬಂದ ಹೊಸದರಲ್ಲಿ ಬಸ್ ಸ್ಟ್ಯಾಂಡ್ ಹತ್ತಿರದ ಕಂಪ್ಯೂಟರ್ ಅಂಗಡಿಯಲ್ಲಿ ಆ ಐಡಿ ಮಾಡಿಸಿದ್ದೆ. ಅಂಗಡಿ ಈಗಿಲ್ಲ. ಅಂಗಡಿಯ ಅಣ್ಣನನ್ನು ಹುಡುಕಿಕೊಂಡು ಹೋದೆ. ಅವರು ನಕ್ಕರು. "ತಮ್ಮಾ, ಆ ಸಿಮ್ ಬಿಟ್ಟು ಮೂರು ವರ್ಷ ಆತು. ಆಗ ದಿನಕ್ಕ ಹತ್ತು ಮಂದಿಗೆ ಐಡಿ ಮಾಡಿಕೊಡ್ತಿದ್ದೆ. ಎಲ್ಲಾರಿಗೂ ನನ್ನ ನಂಬರೇ ಹಾಕ್ತಿದ್ದೆ. ಓಟಿಪಿ ಕೇಳಾಕ ಪ್ರತಿ ಸಲ ನಿಮ್ಮನ್ನ ಎಲ್ಲಿ ಹುಡುಕೂದು?"

ಆ ನಂಬರಿಗೆ ಫೋನ್ ಹಚ್ಚಿದೆ. ಬೇರೆ ಜಿಲ್ಲೆಯ ಯಾರೋ ಎತ್ತಿದರು. ಅಲ್ಲಿಗೆ ನನ್ನ ಆರು ವರ್ಷದ ಸುದ್ದಿ, ಫೋಟೊ, ಸಂಪಾದಕರ ಜೊತೆ ಆಡಿದ ಮಾತು ಎಲ್ಲವೂ ನನ್ನ ಪಾಲಿಗೆ ಮುಗಿಯಿತು.

ಕೊನೆಗೆ ನಾಲ್ಕು ತಿಂಗಳ ದುಡ್ಡು ಸಿಕ್ಕಿತು. ಅದು ಹೇಗೆ ಸಿಕ್ಕಿತು ಗೊತ್ತೇ? ನನ್ನ ಹೆಸರು ಬಂದ ಸುದ್ದಿಯನ್ನೆಲ್ಲ ನಮ್ಮ ಅವ್ವ ಪೇಪರಿನಿಂದ ಕತ್ತರಿಸಿ ಟ್ರಂಕಿನಲ್ಲಿ ಇಟ್ಟಿದ್ದಳು. ಆಕೆಗೆ ಓದಲು ಬರುವುದು ಅಷ್ಟಕ್ಕಷ್ಟೇ. ಮಗನ ಹೆಸರು ಮಾತ್ರ ಗುರುತು ಹಿಡಿಯುತ್ತಾಳೆ. ಆ ತುಣುಕುಗಳ ಝೆರಾಕ್ಸ್ ಮಾಡಿಸಿ ಕಳಿಸಿದೆ. ಹೆಸರಿಲ್ಲದೆ ಅಚ್ಚಾದ ಸುದ್ದಿಗಳ ದುಡ್ಡು ಬರಲಿಲ್ಲ.

ಡಿಪ್ಲೊಮಾ ಓದಿದ ನನಗೆ ಇಲ್ಲದ ಬುದ್ಧಿ ಅವ್ವನಿಗೆ ಇತ್ತು. ಬೇಕಾದ ಕಾಗದದ ಒಂದು ಪ್ರತಿ ಮನೆಯಲ್ಲಿರಬೇಕು ಅನ್ನುವುದಷ್ಟೇ ಆ ಬುದ್ಧಿ. ಉತಾರ, ಖರೀದಿ ಪತ್ರ, ಮಾರ್ಕ್ಸ್ ಕಾರ್ಡ್ ವಿಷಯದಲ್ಲಿ ನಾವೆಲ್ಲ ಹಾಗೇ ಮಾಡುತ್ತೇವೆ. ಮೇಲ್ ವಿಷಯದಲ್ಲಿ ಮಾತ್ರ ಮಾಡುವುದಿಲ್ಲ. ಮಾಡಬೇಕು, ಅದಕ್ಕೆ ದಾರಿಯೂ ಇದೆ ಅಂತ ಹೇಳಲು ಇದನ್ನು ಬರೆಯುತ್ತಿದ್ದೇನೆ.

ಇದು ವರದಿಗಾರರ ಕಥೆ ಮಾತ್ರ ಅಲ್ಲ

ನಮ್ಮ ಹಳ್ಳಿಗಳಲ್ಲಿ ಮೇಲ್ ಯಾರು ನೋಡುತ್ತಾರೆ, ಎಲ್ಲಾ ವಾಟ್ಸ್ಆ್ಯಪ್ ಅಲ್ಲವೇ ಅಂತ ನೀವು ಕೇಳಬಹುದು. ಮಾತಾಡುವುದು ವಾಟ್ಸ್ಆ್ಯಪ್‌ನಲ್ಲಿ, ನಿಜ. ಆದರೆ ಪಾಸ್‌ಪೋರ್ಟ್ ಅರ್ಜಿ ಹಾಕಿ, ಆನ್‌ಲೈನಿನಲ್ಲಿ ಕೆಲಸಕ್ಕೆ ಅರ್ಜಿ ಹಾಕಿ, ಮೇಲ್ ಐಡಿ ಕೇಳುತ್ತಾರೆ. ಬ್ಯಾಂಕಿನವರು ಸ್ಟೇಟ್‌ಮೆಂಟ್ ಕಳಿಸುವುದು, ಕಂಪನಿಯವರು ಆಫರ್ ಲೆಟರ್ ಕಳಿಸುವುದು ಅಲ್ಲಿಗೇ. ಆಂಡ್ರಾಯ್ಡ್ ಫೋನ್ ಇಟ್ಟುಕೊಂಡಿರುವ ಹೆಚ್ಚಿನವರ ಹೆಸರಿನಲ್ಲಿ ಒಂದು ಜಿಮೇಲ್ ಖಾತೆ ಇದ್ದೇ ಇದೆ, ಅವರಿಗೆ ಗೊತ್ತಿರಲಿ ಗೊತ್ತಿಲ್ಲದಿರಲಿ.

ನಮ್ಮ ತಾಲ್ಲೂಕಿನ ಒಂದು ಮಹಿಳಾ ಸ್ವಸಹಾಯ ಸಂಘದವರನ್ನು ಮಾತಾಡಿಸಲು ಹೋಗಿದ್ದೆ. ರೊಟ್ಟಿ, ಚಟ್ನಿಪುಡಿ ಮಾಡಿ ಮಾರುತ್ತಾರೆ. ದೂರದ ಊರಿನ ಗಿರಾಕಿಗಳು ಆರ್ಡರ್ ಮೇಲ್ ಮಾಡುತ್ತಾರೆ. "ಅಕ್ಕಾರ, ಮೇಲ್ ನೀವೇ ನೋಡ್ತೀರೇನ್ರಿ?" ಅಂತ ಕೇಳಿದೆ. "ಐಡಿ ಗೊತ್ತೈತ್ರಿ, ಪಾಸ್‌ವರ್ಡ್ ಅಂಗಡಿಯಾವ್ರ ಕಡೆ ಐತಿ. ವಾರಕ್ಕೊಮ್ಮೆ ಸಂತಿಗೆ ಹೋದಾಗ ನೋಡಿಸ್ಕೊಂಡು ಬರ್ತೀವಿ" ಅಂದರು. ಅಂಗಡಿಯವರು ಒಳ್ಳೆಯವರೇ. ಆದರೆ ಸಂಘದ ವ್ಯವಹಾರದ ಪೂರ್ತಿ ಕೀಲಿಕೈ ಇನ್ನೊಬ್ಬರ ನೋಟ್‌ಬುಕ್ಕಿನಲ್ಲಿದೆ.

ನಮ್ಮ ಪಕ್ಕದೂರಿನ ಐಟಿಐ ಮುಗಿಸಿದ ಹುಡುಗನದು ಇನ್ನೊಂದು ಕಥೆ. ಸಂದರ್ಶನಕ್ಕೆ ಕರೆ ಬರಲೇ ಇಲ್ಲ ಅಂತ ಕಾಯುತ್ತಾ ಕುಂತಿದ್ದ. ಕರೆ ಕಳಿಸಿದ್ದರು. ಅವನ ಮೇಲ್‌ಪೆಟ್ಟಿಗೆ ತುಂಬಿದ್ದರಿಂದ ಅದು ವಾಪಸ್ ಹೋಗಿತ್ತು.

ಪೆಟ್ಟಿಗೆ ಯಾಕೆ ತುಂಬುತ್ತದೆ? ಗೂಗಲ್ ನಮಗೆ ಉಚಿತವಾಗಿ ಕೊಡುವುದು 15 ಜಿಬಿ ಜಾಗ. ಮೇಲ್, ಡ್ರೈವ್, ಫೋಟೊ ಮೂರೂ ಸೇರಿ ಅಷ್ಟು. 2021ರ ಜೂನ್ 1ರಿಂದ ಗೂಗಲ್ ಫೋಟೊಸ್‌ಗೆ ಹೋಗುವ ಹೊಸ ಚಿತ್ರಗಳೂ ಈ ಲೆಕ್ಕಕ್ಕೆ ಸೇರಿದವು. ಆಮೇಲೆ ಆಂಡ್ರಾಯ್ಡ್ ಫೋನುಗಳ ವಾಟ್ಸ್ಆ್ಯಪ್ ಬ್ಯಾಕಪ್ ಕೂಡ ಸೇರಿತು. ಅಂದರೆ ಗುಂಪಿನಲ್ಲಿ ಬಂದ ಗುಡ್ ಮಾರ್ನಿಂಗ್ ವಿಡಿಯೊ, ಮದುವೆ ಫೋಟೊ ಎಲ್ಲವೂ ಮೇಲ್ ಬರುವ ಜಾಗವನ್ನೇ ತಿನ್ನುತ್ತವೆ. ತುಂಬಿದ ಮೇಲೆ ಹೊಸ ಮೇಲ್ ಒಳಗೆ ಬರುವುದಿಲ್ಲ, ಹೊರಗೂ ಹೋಗುವುದಿಲ್ಲ. ಎಚ್ಚರಿಕೆ ತೋರಿಸುತ್ತದೆ, ನಾವು ಅದನ್ನು ಬೆರಳಲ್ಲಿ ಸರಿಸಿ ಮುಂದೆ ಹೋಗುತ್ತೇವೆ.

ಇನ್ನೊಂದು ಮಾತು. ಎರಡು ವರ್ಷ ಮುಟ್ಟದೇ ಬಿಟ್ಟ ಖಾತೆಯನ್ನು ಅಳಿಸಬಹುದು ಅಂತ ಗೂಗಲ್ ನಿಯಮ ಮಾಡಿದೆ. 2023ರ ಡಿಸೆಂಬರ್‌ನಿಂದ ಅದು ಜಾರಿಯಲ್ಲಿದೆ. ಯಾವತ್ತೋ ಅರ್ಜಿ ಹಾಕಲು ಮಾಡಿಸಿ ಮರೆತ ಐಡಿ, ಅದರೊಳಗಿನ ಕಾಗದ ಪತ್ರ, ಒಂದು ದಿನ ಇಲ್ಲವಾಗಬಹುದು. ತಹಶೀಲ್ದಾರ್ ಕಚೇರಿಗೆ ಹೋದ ಹಾಗೆ ಆಧಾರ್ ತೋರಿಸಿ ಬಿಡಿಸಿಕೊಂಡು ಬರಲು ಅದಕ್ಕೊಂದು ಆಫೀಸು ಇಲ್ಲ.

ಮನೆಯಲ್ಲಿ ಒಂದು ಪ್ರತಿ

ಈಗ ನಾನು ಹೇಳುತ್ತಿರುವ ದಾರಿಗೆ ಬರುತ್ತೇನೆ. ಕಂಪ್ಯೂಟರಿನಲ್ಲಿ ಮೇಲ್‌ಗೆಂದೇ ಇರುವ ಒಂದು ಪ್ರೋಗ್ರಾಂ ಹಾಕಿಕೊಳ್ಳುವುದು, ಅದರಲ್ಲಿ ನಿಮ್ಮ ಖಾತೆ ಕೂಡಿಸುವುದು. ಆಗ ಮೇಲ್‌ಗಳು ಗೂಗಲ್ ಹತ್ತಿರವೂ ಇರುತ್ತವೆ, ನಿಮ್ಮ ಕಂಪ್ಯೂಟರಿನಲ್ಲೂ ಇರುತ್ತವೆ. ನೆಟ್ ಇಲ್ಲದಾಗಲೂ ಹಳೇ ಮೇಲ್ ತೆಗೆದು ಓದಬಹುದು.

ನಾನು ಬಳಸುವುದು ಥಂಡರ್‌ಬರ್ಡ್. 2004ರಿಂದ ಇದೆ, ಫೈರ್‌ಫಾಕ್ಸ್ ಮಾಡಿದ ಮೊಜಿಲ್ಲಾದವರದು. ದುಡ್ಡು ಕೊಡಬೇಕಿಲ್ಲ. ವಿಂಡೋಸ್ 10 ಅಥವಾ ಅದಕ್ಕಿಂತ ಹೊಸದು ಇದ್ದರೆ ಸಾಕು, ಲಿನಕ್ಸ್‌ನಲ್ಲೂ ನಡೆಯುತ್ತದೆ. ಕಾಲೇಜಿನಲ್ಲಿದ್ದಾಗ ಸರ್ಕಾರ ಕೊಟ್ಟ ಲ್ಯಾಪ್‌ಟಾಪ್ ಎಷ್ಟೋ ಮನೆಗಳಲ್ಲಿ ಬಟ್ಟೆ ಸುತ್ತಿ ಇಟ್ಟಿದ್ದಾರೆ. ಅದೇ ಈ ಕೆಲಸಕ್ಕೆ ಸಾಕಾಗಬಹುದು.

ಖಾತೆ ಕೂಡಿಸುವುದಕ್ಕೆ ಮುಂಚೆ ಮಾಡಬೇಕಾದ ಕೆಲಸ ಒಂದಿದೆ. ಫೋನಿನಲ್ಲಿ ನಿಮ್ಮ ಗೂಗಲ್ ಖಾತೆಯ ಸೆಕ್ಯುರಿಟಿ ಪುಟ ತೆರೆಯಿರಿ. ಅಲ್ಲಿ ರಿಕವರಿ ಫೋನ್ ಯಾವುದು ಇದೆ ನೋಡಿ. ನಿಮ್ಮ ನಂಬರ್ ಅಲ್ಲದಿದ್ದರೆ ಈಗಲೇ ಬದಲಿಸಿ. ಬಿಟ್ಟುಬಿಟ್ಟ ನಂಬರನ್ನು ಕಂಪನಿಯವರು ಕೆಲವು ತಿಂಗಳ ಮೇಲೆ ಬೇರೆಯವರಿಗೆ ಕೊಡುತ್ತಾರೆ. ಆಗ ನಿಮ್ಮ ಮನೆಯ ಕೀಲಿಕೈ ಮುಖ ನೋಡದವರ ಕೈಗೆ ಹೋಯಿತು ಅಂತಲೇ ಅರ್ಥ. ರಿಕವರಿ ಇಮೇಲ್ ಅನ್ನುವ ಕಡೆ ಅಣ್ಣನದೋ ತಂಗಿಯದೋ ಐಡಿ ಹಾಕಿ. ಆಮೇಲೆ ಪಾಸ್‌ವರ್ಡ್ ಬದಲಿಸಿ. ಹೊಸದನ್ನು ಒಂದು ಹಾಳೆಯಲ್ಲಿ ಬರೆದು ಉತಾರ ಇಡುವ ಕಡೆ ಇಡಿ. ಬರೆದಿಡಬಾರದು ಅಂತ ಹೇಳುವವರಿದ್ದಾರೆ. ಅಂಗಡಿಯ ನೋಟ್‌ಬುಕ್ಕಿಗಿಂತ ನಿಮ್ಮ ಟ್ರಂಕು ಎಷ್ಟೋ ವಾಸಿ.

ಇನ್ನು ಕಂಪ್ಯೂಟರಿಗೆ ಬನ್ನಿ. ಥಂಡರ್‌ಬರ್ಡ್‌ನ ಸ್ವಂತ ವೆಬ್‌ಸೈಟಿನಿಂದಲೇ ಇಳಿಸಿಕೊಳ್ಳಿ. ಹಾಕಿ ತೆರೆದ ಕೂಡಲೇ ಹೆಸರು, ಮೇಲ್ ಐಡಿ ಕೇಳುತ್ತದೆ. ಕೊಟ್ಟು ಕಂಟಿನ್ಯೂ ಒತ್ತಿ. ಜಿಮೇಲ್ ಆದರೆ ಮಿಕ್ಕ ಸೆಟ್ಟಿಂಗನ್ನು ಅದೇ ಹುಡುಕಿಕೊಳ್ಳುತ್ತದೆ. ಐಮ್ಯಾಪ್, ಪಾಪ್ ಅಂತ ಎರಡು ದಾರಿ ತೋರಿಸಿದರೆ ಐಮ್ಯಾಪ್ ಆರಿಸಿ. ಆಮೇಲೆ ಗೂಗಲ್‌ನ ಲಾಗಿನ್ ಕಿಟಕಿ ತೆರೆಯುತ್ತದೆ. ಪಾಸ್‌ವರ್ಡ್ ಅಲ್ಲಿ ಹಾಕಿ ಅನುಮತಿ ಕೊಡಿ. ಸ್ವಲ್ಪ ಹೊತ್ತಿಗೆ ಇನ್‌ಬಾಕ್ಸ್ ಬರುತ್ತದೆ. ಅಷ್ಟೇ ಕೆಲಸ.

ಐಮ್ಯಾಪ್, ಪಾಪ್ ಏನು ಅಂತ ತಿಳಿದಿದ್ದರೆ ಒಳ್ಳೆಯದು. ಹಳೇ ಕಾಲದ ಅಂಚೆ ಕಚೇರಿ ನೆನಪು ಮಾಡಿಕೊಳ್ಳಿ. ಪಾಪ್ ಎಂದರೆ ಕಚೇರಿಗೆ ಹೋಗಿ ಪತ್ರವನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಮನೆಗೆ ತರುವುದು. ಕಚೇರಿಯಲ್ಲೂ ಪ್ರತಿ ಬಿಡಿ ಅಂತ ಹೇಳದಿದ್ದರೆ ಅಲ್ಲಿ ಏನೂ ಉಳಿಯದೇ ಹೋಗಬಹುದು. ಐಮ್ಯಾಪ್ ಎಂದರೆ ಮೂಲ ಪತ್ರ ಕಚೇರಿಯಲ್ಲೇ ಇರುತ್ತದೆ, ನಿಮಗೆ ಮನೆಯಲ್ಲಿ ಅದರ ನಕಲು. ಫೋನಿನಲ್ಲಿ ಓದಿದ್ದು ಕಂಪ್ಯೂಟರಿನಲ್ಲೂ ಓದಿದ್ದಾಗಿ ಕಾಣುತ್ತದೆ. ಫೋನ್ ಮತ್ತು ಕಂಪ್ಯೂಟರ್ ಎರಡರಲ್ಲೂ ನೋಡುವವರಿಗೆ ಐಮ್ಯಾಪ್ ಸರಿ. ಇನ್ನು ಎಸ್ಎಂಟಿಪಿ ಅಂತ ಮೂರನೆಯದು ಒಂದಿದೆ. ಅದು ನೀವು ಬರೆದ ಪತ್ರವನ್ನು ಹೊರಗೆ ಒಯ್ಯುವ ಅಂಚೆಯಣ್ಣ. ಈ ಎಸ್ಎಂಟಿಪಿ 1982ರಿಂದ ಇದೆ. ಇವೆಲ್ಲ ಯಾವುದೇ ಒಂದು ಕಂಪನಿಯ ಸ್ವಂತದ್ದಲ್ಲ. ಅದಕ್ಕೇ ಗೂಗಲ್‌ನ ಮೇಲನ್ನು ಮೊಜಿಲ್ಲಾದ ಪ್ರೋಗ್ರಾಂನಲ್ಲಿ ಓದಲು ಆಗುತ್ತದೆ.

ಜಿಮೇಲ್ ಅಲ್ಲದ, ಕಾಲೇಜಿನದೋ ಸಂಸ್ಥೆಯದೋ ಐಡಿ ಆಗಿದ್ದು ಸೆಟ್ಟಿಂಗ್ ತಾನಾಗಿ ಸಿಗದಿದ್ದರೆ ಕೈಯಿಂದ ತುಂಬಬೇಕು. ಒಳಬರುವ ಐಮ್ಯಾಪ್‌ಗೆ ಸಾಮಾನ್ಯವಾಗಿ ಪೋರ್ಟ್ 993, ಹೊರಹೋಗುವ ಎಸ್ಎಂಟಿಪಿಗೆ 465 ಅಥವಾ 587. ಸರ್ವರ್ ಹೆಸರನ್ನು ಐಡಿ ಕೊಟ್ಟವರೇ ಹೇಳಬೇಕು. ಯೂಸರ್‌ನೇಮ್ ಅನ್ನುವಲ್ಲಿ ಹೆಚ್ಚಾಗಿ ಪೂರ್ತಿ ಮೇಲ್ ವಿಳಾಸ ಹಾಕಬೇಕಾಗುತ್ತದೆ. ನಾನು ಅರ್ಧ ದಿನ ಒದ್ದಾಡಿದ್ದು ಇದೊಂದು ಗೊತ್ತಿಲ್ಲದೆ.

ನೆಟ್ ಪ್ಯಾಕ್ ಮುಗಿಯದ ಹಾಗೆ

ನಮ್ಮ ಕಡೆ ಮನೆಗೆ ವೈಫೈ ಹಾಕಿಸಿಕೊಂಡವರು ಕಡಿಮೆ. ಫೋನಿನ ಹಾಟ್‌ಸ್ಪಾಟ್‌ನಿಂದಲೇ ಕೆಲಸ. ಖಾತೆ ಕೂಡಿಸಿದ ಕೂಡಲೇ ಥಂಡರ್‌ಬರ್ಡ್ ಹಳೇ ಮೇಲ್‌ಗಳನ್ನೆಲ್ಲ ಇಳಿಸಲು ಶುರು ಮಾಡುತ್ತದೆ. ನಾಲ್ಕೈದು ಜಿಬಿ ಮೇಲ್ ಇದ್ದರೆ ದಿನದ ಒಂದೂವರೆ ಜಿಬಿ ಪ್ಯಾಕ್ ಮಧ್ಯಾಹ್ನದೊಳಗೆ ಖಾಲಿ. ನನಗೆ ಹಾಗೇ ಆಗಿ, ಅವತ್ತಿನ ಸುದ್ದಿ ಕಳಿಸಲು ತಂಗಿಯ ಫೋನ್ ಬೇಡಬೇಕಾಯಿತು.

ಇದಕ್ಕೆ ಅಕೌಂಟ್ ಸೆಟ್ಟಿಂಗ್ಸ್ ಒಳಗೆ ಸಿಂಕ್ರೊನೈಸೇಷನ್ ಅಂಡ್ ಸ್ಟೋರೇಜ್ ಅಂತ ಒಂದು ಜಾಗ ಇದೆ. ಇಷ್ಟು ದಿನದೊಳಗಿನ ಮೇಲ್ ಮಾತ್ರ ತಾ, ಇಷ್ಟಕ್ಕಿಂತ ದೊಡ್ಡ ಮೇಲ್ ತರಬೇಡ ಅಂತ ಅಲ್ಲಿ ಹೇಳಬಹುದು. ಮೊದಲು ಮೂವತ್ತು ದಿನ ಅಂತ ಇಡಿ. ಆಮೇಲೆ ವಾರ ವಾರ ಹೆಚ್ಚಿಸುತ್ತಾ ಹೋಗಿ. ಪೇಟೆಯಲ್ಲಿ ವೈಫೈ ಇರುವ ನೆಂಟರ ಮನೆಗೆ ಹೋಗುವಾಗ ಲ್ಯಾಪ್‌ಟಾಪ್ ಒಯ್ದರೆ ಇನ್ನೂ ಸುಲಭ.

ಅಳಿಸಿದರೆ ಎರಡೂ ಕಡೆ ಹೋಗುತ್ತದೆ

ಇಲ್ಲೊಂದು ತಪ್ಪು ತಿಳಿವಳಿಕೆ ಬರುವ ಅಪಾಯ ಇದೆ. ಐಮ್ಯಾಪ್‌ನಲ್ಲಿ ಕಂಪ್ಯೂಟರಿನಲ್ಲಿರುವುದು ನಕಲು, ಆದರೆ ಮೂಲದ ಜೊತೆ ಕಟ್ಟಿಹಾಕಿದ ನಕಲು. ಫೋನಿನಲ್ಲಿ ಅಳಿಸಿದರೆ ಇಲ್ಲೂ ಅಳಿಯುತ್ತದೆ. ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ. ಹಾಗಾಗಿ ಖಾತೆ ಕೂಡಿಸಿದ್ದೇ ಸಾಕು, ನನ್ನ ಮೇಲ್ ಭದ್ರ ಅಂತ ಕೂರಬೇಡಿ.

ಎಡಗಡೆ ಪಟ್ಟಿಯ ಕೆಳಗೆ ಲೋಕಲ್ ಫೋಲ್ಡರ್ಸ್ ಅಂತ ಇರುತ್ತದೆ. ಅದು ಪೂರ್ತಿ ನಿಮ್ಮ ಕಂಪ್ಯೂಟರಿನದೇ ಪೆಟ್ಟಿಗೆ, ಗೂಗಲ್‌ಗೂ ಅದಕ್ಕೂ ಸಂಬಂಧ ಇಲ್ಲ. ಅದರೊಳಗೆ ಒಂದು ಫೋಲ್ಡರ್ ಮಾಡಿ. ಬೇಕಾದ ಮೇಲ್‌ಗಳನ್ನು ಆರಿಸಿ, ಬಲಗಡೆ ಕ್ಲಿಕ್ ಮಾಡಿ, ಕಾಪಿ ಟು ಅಂತ ಒತ್ತಿ ಅಲ್ಲಿಗೆ ಕಳಿಸಿ. ಮೂವ್ ಬೇಡ, ಕಾಪಿ. ನಾನು ಪ್ರತಿ ತಿಂಗಳ ಕೊನೆಗೆ ಕಳಿಸಿದ ಸುದ್ದಿಯನ್ನೆಲ್ಲ ಹೀಗೆ ಒಂದು ಫೋಲ್ಡರಿಗೆ ಹಾಕುತ್ತೇನೆ. ಹತ್ತು ನಿಮಿಷದ ಕೆಲಸ. ವರ್ಷಕ್ಕೆರಡು ಸಲ ಥಂಡರ್‌ಬರ್ಡ್ ಮುಚ್ಚಿ, ಅದರ ಪ್ರೊಫೈಲ್ ಫೋಲ್ಡರನ್ನು ಪೆನ್‌ಡ್ರೈವ್‌ಗೆ ನಕಲು ಮಾಡುತ್ತೇನೆ. ಆ ಪೆನ್‌ಡ್ರೈವ್ ಈಗ ಅವ್ವನ ಟ್ರಂಕಿನಲ್ಲಿ ಪೇಪರ್ ತುಣುಕುಗಳ ಜೊತೆಗಿದೆ.

ಎಚ್ಚರಿಕೆ ಒಂದು. ಇದನ್ನು ನಿಮ್ಮ ಸ್ವಂತ ಅಥವಾ ಮನೆಯ ಕಂಪ್ಯೂಟರಿನಲ್ಲಿ ಮಾತ್ರ ಮಾಡಿ. ಅಂಗಡಿಯ, ಗ್ರಂಥಾಲಯದ, ಕಚೇರಿಯ ಕಂಪ್ಯೂಟರಿನಲ್ಲಿ ಮಾಡಬೇಡಿ. ಆಮೇಲೆ ಕುಂತವರು ಪಾಸ್‌ವರ್ಡ್ ಇಲ್ಲದೇ ನಿಮ್ಮ ಎಲ್ಲ ಪತ್ರ ಓದಬಹುದು. ಮನೆಯ ಕಂಪ್ಯೂಟರಿಗೂ ತೆರೆಯುವಾಗ ಕೇಳುವ ಪಾಸ್‌ವರ್ಡ್ ಒಂದು ಇಟ್ಟಿರಿ.

ಇನ್ನೊಂದು, ನನ್ನ ಹಾಗೆ ಕನ್ನಡದಲ್ಲಿ ಬರೆಯುವವರಿಗೆ. ನುಡಿ, ಬರಹದ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಮೇಲ್ ಒಳಗೆ ಅಂಟಿಸಿದರೆ ಓದುವವರಿಗೆ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಯೂನಿಕೋಡ್‌ನಲ್ಲೇ ಬರೆಯಿರಿ. ಹತ್ತು ವರ್ಷದ ಮೇಲೆ ಹುಡುಕಿದಾಗಲೂ ಕನ್ನಡ ಪದ ಹಾಕಿ ಹುಡುಕಬಹುದು.

ಯಾರು ಕಲಿಸಬೇಕು?

"ಹಳ್ಳಿಯವರಿಗೆ ಇಷ್ಟೆಲ್ಲ ಯಾಕೆ, ಫೋನ್ ಸಾಕಲ್ಲ?" ಅಂತ ನನ್ನ ಗೆಳೆಯರೇ ಹೇಳಿದರು. ಅವರ ಮಾತಿನಲ್ಲಿ ಅರ್ಧ ಸತ್ಯ ಇದೆ. ದಿನದ ಮೇಲ್ ನೋಡಲು ಫೋನ್ ಸಾಕು. ಕಂಪ್ಯೂಟರೇ ಇಲ್ಲದವರಿಗೆ ಬೇರೆ ದಾರಿ ಇಲ್ಲ. ಅಂಥವರು ರಿಕವರಿ ನಂಬರ್ ಸರಿಮಾಡಿಕೊಂಡು, ಬೇಕಾದ ಪತ್ರವನ್ನು ಪ್ರಿಂಟ್ ತೆಗೆಸಿ ಇಟ್ಟುಕೊಂಡರೂ ಬಹಳ ಆಯಿತು. ಆದರೆ ಫೋನ್ ಬೀಳುತ್ತದೆ, ನೆನೆಯುತ್ತದೆ, ಕಳೆಯುತ್ತದೆ. ಮನೆಯ ದಾಖಲೆ ಇಡುವ ಜಾಗ ಅದೊಂದೇ ಆಗಬಾರದು. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಎಲೆಕ್ಟ್ರಾನಿಕ್ ದಾಖಲೆಗೂ ಕಾನೂನಿನ ಮಾನ್ಯತೆ ಕೊಟ್ಟಿದೆ. ಯಾರೋ ಕೊಡುತ್ತೇನೆ ಅಂತ ಬರೆದುಕೊಟ್ಟ ಮಾತು ಮೇಲ್‌ನಲ್ಲಿದ್ದರೆ ಅದು ಕಾಗದವೇ. ಕಾಗದ ಅಂದ ಮೇಲೆ ಕಾಗದದ ಹಾಗೆ ಕಾಯಬೇಕು.

ಡಿಜಿಟಲ್ ತರಬೇತಿ ಅಂತ ನಡೆಯುವ ಎಷ್ಟೋ ಶಿಬಿರಗಳ ಸುದ್ದಿ ನಾನೇ ಬರೆದಿದ್ದೇನೆ. ದೀಪ ಹಚ್ಚಿ, ಭಾಷಣ ಆಗಿ, ಎಲ್ಲರಿಗೂ ಒಂದು ಐಡಿ ಮಾಡಿಕೊಟ್ಟು ಫೋಟೊ ತೆಗೆಸಿ ಮುಗಿಸುತ್ತಾರೆ. ಐಡಿ ಮಾಡುವುದು ಐದು ನಿಮಿಷದ ಕೆಲಸ. ಅದನ್ನು ಇಪ್ಪತ್ತು ವರ್ಷ ಉಳಿಸಿಕೊಳ್ಳುವುದು ಹೇಗೆ ಅಂತ ಯಾರೂ ಹೇಳುವುದಿಲ್ಲ. ನಾನೂ ಆ ಸುದ್ದಿಗಳಲ್ಲಿ ಎಷ್ಟು ಮಂದಿಗೆ ಐಡಿ ಆಯಿತು ಅಂತ ಬರೆದೆನೇ ಹೊರತು, ಕೀಲಿಕೈ ಯಾರ ಕೈಯಲ್ಲಿ ಉಳಿಯಿತು ಅಂತ ಕೇಳಲಿಲ್ಲ. ಅದು ನನ್ನ ತಪ್ಪು.

ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರ ಆಗಿವೆ. ಕಂಪ್ಯೂಟರ್ ಬಂದ ಕಡೆ ತಿಂಗಳಿಗೊಂದು ಮಧ್ಯಾಹ್ನ ಇದಕ್ಕೆ ಕೊಡಲಿ. ಸ್ವಂತ ಖಾತೆಯನ್ನು ಅಲ್ಲಿ ಕೂಡಿಸುವುದು ಬೇಡ. ಕಲಿಸಲೆಂದೇ ಒಂದು ಖಾತೆ ಇಟ್ಟುಕೊಂಡು ತೋರಿಸಲಿ, ಮನೆಗೆ ಹೋಗಿ ಮಾಡಿಕೊಳ್ಳಲಿ. ಅರ್ಜಿ ಹಾಕಿಕೊಡುವ ಅಂಗಡಿಯ, ಗ್ರಾಮ ಒನ್‌ನ ಅಣ್ಣಂದಿರಲ್ಲೂ ಒಂದು ಬೇಡಿಕೆ. ಐಡಿ ಮಾಡುವಾಗ ಬಂದವರ ನಂಬರನ್ನೇ ಹಾಕಿ, ಪಾಸ್‌ವರ್ಡನ್ನು ಅವರ ಕೈಯಿಂದಲೇ ಟೈಪ್ ಮಾಡಿಸಿ. ಐದು ನಿಮಿಷ ಹೆಚ್ಚು ಹಿಡಿಯಬಹುದು. ಅದಕ್ಕೆ ಹತ್ತು ರೂಪಾಯಿ ಹೆಚ್ಚು ತಗೊಳ್ಳಿ, ಯಾರೂ ಬೇಡ ಅನ್ನುವುದಿಲ್ಲ.

ಆ ಮಹಿಳಾ ಸಂಘದವರ ಹತ್ತಿರ ಮತ್ತೆ ಹೋಗಿದ್ದೆ. ಅಂಗಡಿಯವರೂ ಬಂದು ಕುಂತರು. ರಿಕವರಿ ನಂಬರ್ ಬದಲಿಸಿ ಖಜಾಂಚಿಯವರದು ಹಾಕಿದೆವು, ಹೊಸ ಪಾಸ್‌ವರ್ಡ್ ಅವರೇ ಟೈಪ್ ಮಾಡಿದರು. ಅವರ ಮಗಳ ಕಾಲೇಜಿನ ಲ್ಯಾಪ್‌ಟಾಪ್‌ನಲ್ಲಿ ಥಂಡರ್‌ಬರ್ಡ್ ಹಾಕಿ ಖಾತೆ ಕೂಡಿಸಿದೆವು. ಮೂರು ವರ್ಷದ ಆರ್ಡರ್‌ಗಳು ಒಂದೊಂದೇ ಇಳಿದು ಬರುವುದನ್ನು ಎಲ್ಲರೂ ನೋಡುತ್ತಾ ಕುಂತರು. ನಡುವೆ ಒಂದು ಮೇಲ್ ಸಿಕ್ಕಿತು. ಹೋದ ದೀಪಾವಳಿಗೆ ಇನ್ನೂರು ರೊಟ್ಟಿ ಕೇಳಿದ್ದ ಗಿರಾಕಿಯದು. ಅದನ್ನು ಯಾರೂ ನೋಡಿರಲಿಲ್ಲ.

ನಿಮ್ಮದರಲ್ಲಿ ಏನಿದೆಯೋ ನಿಮಗೂ ಗೊತ್ತಿಲ್ಲ. ಇದನ್ನು ಓದಿ ಮುಗಿಸಿದ ಕೂಡಲೇ ಕಂಪ್ಯೂಟರ್ ಹುಡುಕಬೇಕಿಲ್ಲ. ಇದೇ ಫೋನಿನಲ್ಲಿ ಮೊದಲು ರಿಕವರಿ ನಂಬರ್ ನೋಡಿ. ನಿಮ್ಮದಾಗಿದ್ದರೆ ಸರಿ. ಅಲ್ಲದಿದ್ದರೆ, ಆ ನಂಬರಿನವರು ಇನ್ನೂ ಊರಲ್ಲಿರುವಾಗಲೇ ಹೋಗಿ ಭೇಟಿಯಾಗಿ.